ನೈಟ್ ಎಂಬ ಶಬ್ದ ಮತ್ತು ಅಕ್ಕನ ಬಲಗೈ

ನನಗೆ ಬರುವ ಇಂಗ್ಲಿಷ್ ಶಬ್ದಗಳನ್ನೆಲ್ಲ ಒಟ್ಟು ಮಾಡಿದರೆ ಒಂದು ಅಂಗಿಯ ಜೇಬು ತುಂಬೀತು, ಅಷ್ಟೇ. ಅದರಲ್ಲಿ ಅರ್ಧ ನಮ್ಮ ಟೈಲರುಗಳ ಶಬ್ದ: ಕಾಲರ್, ಕಫ್, ಯೋಕ್, ಪೈಪಿಂಗ್. ಉಳಿದ ಅರ್ಧ ಬಸ್ಸಿನಲ್ಲಿ ಓಡಾಡಿ ಕಲಿತದ್ದು. ಆದರೆ ಇವುಗಳ ನಡುವೆ ನನಗೆ ಅನ್ನ ಕೊಟ್ಟ ಶಬ್ದ ಒಂದೇ. ಅದು ನೈಟ್.

ಕಾಪು ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಮೂವತ್ತು ವರ್ಷಗಳಿಂದ ಅಲ್ಲಿ ಕುಳಿತು ನೈಟಿ ಹೊಲಿಯುತ್ತಿದ್ದೇನೆ. ಹೀಗೆಂದರೆ ಕೆಲವರು ಮುಖ ತಿರುಗಿಸಿ ನಗುತ್ತಾರೆ. ನಗಲಿ. ಸೂಟು ಹೊಲಿಯುವವನು ಮದುವೆಯ ಸೀಸನ್ ಬರುವವರೆಗೆ ಬಾಗಿಲಿಗೆ ಒರಗಿ ನಿಂತು ಬಸ್ಸು ಲೆಕ್ಕ ಮಾಡುತ್ತಾನೆ. ನನ್ನ ಮೆಷಿನ್ ಮಾತ್ರ ವರ್ಷದ ಎಲ್ಲಾ ದಿನ ತಿರುಗುತ್ತದೆ. ಉಡುಪಿಯಿಂದ ಕಾರ್ಕಳದವರೆಗೆ ಎಷ್ಟು ಅಂಗಳಗಳಲ್ಲಿ, ಎಷ್ಟು ತಂತಿಗಳ ಮೇಲೆ ನನ್ನ ಹೊಲಿಗೆ ಒಣಗುತ್ತಿದೆ ಎಂಬುದು ನನಗೇ ಗೊತ್ತಿಲ್ಲ. ಆದರೆ ಬಸ್ಸಿನಲ್ಲಿ ಹೋಗುವಾಗ ಒಂದನ್ನು ಕಂಡರೂ ಗುರುತು ಹಿಡಿಯುತ್ತೇನೆ. ಕುತ್ತಿಗೆಯ ಪಟ್ಟಿ ಅಷ್ಟು ನೇರವಾಗಿ ಕೂರಿಸುವವರು ಈ ಕಡೆ ಬೇರೆ ಇಲ್ಲ. ಇದು ಜಂಬವಾ? ಹೌದು, ಜಂಬವೇ. ಕಲಿತವರಿಗೆ ಗೋಡೆಯ ಮೇಲೆ ಸರ್ಟಿಫಿಕೇಟು ಉಂಟು. ನನಗೆ ಉಳಿದವರ ಅಂಗಳದ ತಂತಿ ಉಂಟು.

ನಿನ್ನೆ ಕತ್ತರಿಸುವ ಮೇಜಿನ ಅಡಿ ಗುಡಿಸುವಾಗ ನೀಲಿ ಹೂವಿನ ಒಂದು ತುಂಡು ಬಟ್ಟೆ ಸಿಕ್ಕಿತು. ಅಂಗೈಯಗಲದ್ದು. ಬಿಸಾಡಲು ಎತ್ತಿಕೊಂಡವನು ಹಾಗೆಯೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅದು ಗಿರಿಜಕ್ಕನ ಬಟ್ಟೆ. ಅಕ್ಕನ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಶಬ್ದದ ವಿಷಯ ಸ್ವಲ್ಪ ಮಾತಾಡಬೇಕು. ನಿಮಗೂ ಅಂಥ ಅರ್ಜೆಂಟು ಇಲ್ಲ ಅಲ್ವಾ?

ನಮ್ಮ ಕಡೆ ರಾತ್ರಿ ಬೇರೆ, ನೈಟ್ ಬೇರೆ. ರಾತ್ರಿ ತಾನಾಗಿ ಬರುತ್ತದೆ. ನೈಟನ್ನು ಯಾರಾದರೂ ಮಾಡಬೇಕು. ನಮ್ಮ ಪಕ್ಕದ ಮನೆಯ ಹುಡುಗಿ ಮಣಿಪಾಲದಲ್ಲಿ ನರ್ಸು. "ಈ ವಾರ ನಾನು ನೈಟ್ ಮಾಡುವುದು ಸುಧಾಕರಣ್ಣ" ಎನ್ನುತ್ತಾಳೆ, ಚಪಾತಿ ಮಾಡುವುದು ಎಂಬ ಹಾಗೆ. ಕಾರ್ಕಳದಿಂದ ಒಳಗೆ ಹೋಗುವ ಬಸ್ಸುಗಳಿಗೆ ನೈಟ್ ಹಾಲ್ಟ್ ಎಂದು ಉಂಟು. ಕೊನೆಯ ಟ್ರಿಪ್ಪಿನ ಬಸ್ಸು ಯಾವ ಊರಿನಲ್ಲಿ ಮಲಗುತ್ತದೋ ಆ ಊರಿನವರಿಗೆ ಒಂದು ಗತ್ತು. "ನಮ್ಮಲ್ಲಿ ಬಸ್ಸು ನೈಟ್ ಹಾಲ್ಟ್ ಉಂಟು" ಎಂದು ಹೆಣ್ಣು ನೋಡಲು ಬಂದವರ ಹತ್ತಿರವೂ ಹೇಳಿದವರನ್ನು ಕಂಡಿದ್ದೇನೆ. ಬಸ್ಸು ಮಲಗಿದರೆ ಇವರಿಗೆಂತ ಲಾಭ ಎಂದು ಕೇಳಬೇಡಿ. ಬೆಳಿಗ್ಗೆ ಮೊದಲ ಸೀಟು ಅವರದ್ದು.

ಇನ್ನು ನಮ್ಮವರಿಗೆ ನಾಚಿಕೆಯಾಗುವ ಮಾತುಗಳೆಲ್ಲ ಇಂಗ್ಲಿಷಿನಲ್ಲಿಯೇ ಆಗಬೇಕು. ಮದುಮಕ್ಕಳ ಕೋಣೆಯ ವಿಷಯ ತುಳುವಿನಲ್ಲಿ ಹೇಳಿ ನೋಡಿ, ದೊಡ್ಡಮ್ಮ ಕೆನ್ನೆಗೆ ಹೊಡೆದಾರು. ಅದನ್ನೇ ಫಸ್ಟ್ ನೈಟ್ ಎಂದರೆ ಅದೇ ದೊಡ್ಡಮ್ಮ ನಿಂತುಕೊಂಡು ಹಾಸಿಗೆಗೆ ಮಲ್ಲಿಗೆ ಎಷ್ಟು ಚೆಂಡು ಬೇಕು ಎಂದು ಲೆಕ್ಕ ಹಾಕುತ್ತಾರೆ. ಯಕ್ಷಗಾನದ ಕಾಗದ ಬಂದರೆ ನಮ್ಮ ಬೀದಿಯ ಹಿರಿಯರು ಮೊದಲು ಕೇಳುವುದು ಪ್ರಸಂಗ ಯಾವುದು ಎಂದಲ್ಲ, "ಫುಲ್ ನೈಟಾ?" ಎಂದು. ಅಲ್ಲ, ಕಾಲಮಿತಿ, ನಡುರಾತ್ರಿಗೇ ಮುಗಿಯುತ್ತದೆ ಎಂದರೆ ಕಾಗದವನ್ನು ಹಾಗೆಯೇ ಮಡಚಿ ಬೀಸಣಿಗೆ ಮಾಡಿಕೊಳ್ಳುತ್ತಾರೆ. ಈಗ ಮೊಬೈಲಿನಲ್ಲಿ ಗುಡ್ ನೈಟ್ ಬೇರೆ. ನನ್ನ ಭಾವಮೈದ ಮಸ್ಕತ್ತಿನಲ್ಲಿದ್ದಾನೆ. ಅವನ ಊಟವೆಲ್ಲ ಮುಗಿದ ಮೇಲೆ ಚಂದ್ರ, ಗುಲಾಬಿ, ಒಂದು ಬೆಕ್ಕಿನ ಮರಿ ಇರುವ ಚಿತ್ರ ಕಳುಹಿಸುತ್ತಾನೆ. ಆಗ ಇಲ್ಲಿ ನಾನು ಒಂದು ನಿದ್ದೆ ಮುಗಿಸಿರುತ್ತೇನೆ. ಚೆನ್ನಾಗಿ ನಿದ್ದೆ ಮಾಡಿ ಎಂದು ಹೇಳಲಿಕ್ಕಾಗಿ ಒಬ್ಬ ಮನುಷ್ಯನನ್ನು ಎಬ್ಬಿಸುವುದು ಯಾವ ನ್ಯಾಯ ಮಾರಾಯ್ರೆ?

ನಾನು ಆ ಶಬ್ದವನ್ನು ಮೊದಲು ಕಲಿತದ್ದು ಮುಂಬಯಿಯಲ್ಲಿ. ಏಳನೇ ಕ್ಲಾಸು ಮುಗಿಸಿದ್ದೆ, ಅಥವಾ ಏಳನೇ ಕ್ಲಾಸು ನನ್ನನ್ನು ಮುಗಿಸಿತ್ತು. ಮಾವ ಒಂದು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಹಗಲು ಲೋಟ ತೊಳೆಯುವುದು, ಸಂಜೆ ನೈಟ್ ಸ್ಕೂಲ್. ಊರಿನ ಎಷ್ಟೋ ಜನ ಅಲ್ಲಿ ಓದಿ ದೊಡ್ಡ ಮನುಷ್ಯರಾದದ್ದು ಉಂಟು. ನನಗೆ ಮಾತ್ರ ಬೆಂಚು ಕಂಡ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಮಾಸ್ತರರು ಪಾಪ, ಒಳ್ಳೆಯವರು. ಒಮ್ಮೆ ಎಬ್ಬಿಸಿ, "ನೋಡು, ನಿನಗೆ ನೈಟ್ ಗೊತ್ತಾಗಿದೆ. ಸ್ಕೂಲ್ ಗೊತ್ತಾಗಲಿಲ್ಲ" ಎಂದರು. ಆರು ತಿಂಗಳಲ್ಲಿ ಊರಿಗೆ ವಾಪಸು. ಹೀಗೆ ನಾನು ಶಾಲೆಯನ್ನು ಎರಡು ಸಲ ಬಿಟ್ಟವನು, ಒಮ್ಮೆ ಹಗಲಿನದ್ದು, ಒಮ್ಮೆ ನೈಟಿನದ್ದು. ಅಷ್ಟು ಸಾಧನೆ ಮಾಡಿದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಆಗ ನನ್ನನ್ನು ಕೈಹಿಡಿದು ಕಡಿಯಾಳಿಯ ಒಬ್ಬ ಟೈಲರ್ ಮಾಸ್ಟ್ರ ಹತ್ತಿರ ಕರೆದುಕೊಂಡು ಹೋದವಳು ಗಿರಿಜಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆಗಲೇ ಎರ್ಮಾಳಿಗೆ ಮದುವೆಯಾಗಿ ತಲೆಯ ಮೇಲೆ ಬುಟ್ಟಿ ಇಟ್ಟು ಮನೆಮನೆಗೆ ಮೀನು ಮಾರುತ್ತಿದ್ದಳು. ಮಾಸ್ಟ್ರ ಮುಂದೆ ನನ್ನನ್ನು ನಿಲ್ಲಿಸಿ, "ಇವನಿಗೆ ಕೈ ಉಂಟು. ತಲೆಯ ವಿಷಯ ನಾನು ಗ್ಯಾರಂಟಿ ಕೊಡುವುದಿಲ್ಲ" ಎಂದಳು. ಮಾಸ್ಟ್ರು ನನ್ನ ಬೆರಳು ಹಿಡಿದು ನೋಡಿ, "ಆಯಿತು, ಕಾಜಾ ಮಾಡಲು ಕೂರಲಿ" ಎಂದರು. ಕಾಜಾ ಅಂದರೆ ಗುಂಡಿಯ ತೂತು. ಎರಡು ವರ್ಷ ತೂತನ್ನೇ ಹೊಲಿದೆ. ಅಕ್ಕ ಪ್ರತಿ ಶನಿವಾರ ಆ ದಾರಿಯಲ್ಲಿ ಬರುವಾಗ ಮಾಸ್ಟ್ರ ಮನೆಗೆ ಒಂದಿಷ್ಟು ಬಂಗುಡೆ ಇಟ್ಟು ಹೋಗುತ್ತಿದ್ದಳು, ನನಗೆ ಪೆಟ್ಟು ಬೀಳಬಾರದು ಎಂದು. ಬಂಗುಡೆ ಇಲ್ಲದ ವಾರ ಪೆಟ್ಟು ಬೀಳುತ್ತಿತ್ತು.

ಶಾಲೆ ಶುರುವಾಗುವ ಮೊದಲು ಯುನಿಫಾರ್ಮಿನ ರಾಶಿ ಬೀಳುತ್ತಿತ್ತು. ಆಗ ಮಾಸ್ಟ್ರು ಮಧ್ಯಾಹ್ನವೇ "ಇವತ್ತು ನೈಟ್ ಉಂಟು" ಎಂದು ಘೋಷಣೆ ಮಾಡುತ್ತಿದ್ದರು. ಅಂದರೆ ಬೆಳಗಾಗುವವರೆಗೆ ಹೊಲಿಗೆ, ನಡುವೆ ಎರಡು ಸಲ ಚಹಾ, ಒಂದು ಸಲ ಬನ್ಸು. ಬೆಂಚಿನ ಮೇಲೆ ಎಂಟು ಗಂಟೆಗೆ ನಿದ್ದೆ ಹೋಗುತ್ತಿದ್ದ ನಾನು ಮೆಷಿನಿನ ಮುಂದೆ ಕಣ್ಣು ಮಿಟುಕಿಸದೆ ಕೂರುತ್ತಿದ್ದೆ. ನನ್ನ ತಲೆಯಲ್ಲಿ ಏನೂ ಇಲ್ಲ ಎಂದುಕೊಂಡಿದ್ದ ನನಗೆ ಆಗ ಗೊತ್ತಾದದ್ದು: ಇದ್ದದ್ದೆಲ್ಲ ಬೆರಳಿಗೆ ಇಳಿದಿತ್ತು.

ಮುಂದೆ ಕಾಪುವಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಒಂದು ದಿನ ದುಬೈಯಿಂದ ಬಂದ ಒಬ್ಬರು ಹೆಂಗಸು ಹೂವಿನ ಚಿತ್ರದ, ಗೋಣಿಯ ಹಾಗೆ ಸಡಿಲವಾದ ಒಂದು ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು, "ಇದರ ಹಾಗೆಯೇ ನಾಲ್ಕು ಬೇಕು" ಎಂದರು. ಇದು ಎಂತ ಎಂದೆ. ನೈಟಿ ಎಂದರು. ರಾತ್ರಿ ಮಲಗುವಾಗ ಹಾಕುವುದಂತೆ. ಹೊಲಿದುಕೊಟ್ಟೆ. ಮಾರನೆಯ ವಾರ ಅವರ ನಾದಿನಿ ಬಂದರು, ಆಮೇಲೆ ಅವರ ಬೀದಿಯೇ ಬಂತು. ಒಂದು ವರ್ಷದೊಳಗೆ ಆ ಬಟ್ಟೆ ರಾತ್ರಿಯಿಂದ ಬೆಳಿಗ್ಗೆಗೆ ದಾಟಿತು, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ, ಗೇಟಿನಿಂದ ರೇಶನ್ ಅಂಗಡಿಯ ಕ್ಯೂವಿಗೆ. ಈಗ ನಮ್ಮ ಹೆಂಗಸರು ನೈಟಿಯನ್ನು ಬದಲಿಸುವ ಒಂದೇ ಹೊತ್ತು ಎಂದರೆ ರಾತ್ರಿ. ಮಲಗುವಾಗ ಅದನ್ನು ತೆಗೆದು ಹಳೆಯ ನೈಟಿ ಹಾಕುತ್ತಾರೆ.

ಹೊರಗೆ ಬರುವಾಗ ಮಾತ್ರ ಒಂದು ನಿಯಮ ಉಂಟು. ಹೆಗಲ ಮೇಲೆ ಒಂದು ಬೈರಾಸು, ಅಂದರೆ ಟವೆಲು, ಇರಬೇಕು. ಬೈರಾಸು ಬಿದ್ದರೆ ನೈಟಿಗೆ ಮರ್ಯಾದೆ ಬಂತು ಎಂದು ಲೆಕ್ಕ. ಪೋಸ್ಟ್‌ಮನ್ ಕರೆದರೆ ಒಳಗಿಂದ "ಒಂದು ನಿಮಿಷ" ಎಂಬ ಸ್ವರ ಬರುತ್ತದಲ್ಲ, ಅದು ಬೈರಾಸು ಹುಡುಕುವ ನಿಮಿಷ. ಇದನ್ನು ಕಂಡು ನನಗೆ ಒಮ್ಮೆ ದೊಡ್ಡ ಬುದ್ಧಿ ಬಂತು: ಹೆಗಲಿಗೆ ಬೈರಾಸನ್ನು ಹೊಲಿದೇ ಕೊಟ್ಟರೆ ಹೇಗೆ? ಹನ್ನೆರಡು ಹೊಲಿದು ನೇತು ಹಾಕಿದೆ. ಒಂದೇ ವಾರದಲ್ಲಿ ಹನ್ನೊಂದು ವಾಪಸು ಬಂತು. "ಇದರಲ್ಲಿ ಮಗುವಿನ ತಲೆ ಒರೆಸುವುದು ಹೇಗೆ?" ಎಂದರು ಒಬ್ಬರು. "ಬಿಸಿ ಪಾತ್ರೆ ಇಳಿಸುವಾಗ ನಾನೂ ಒಲೆಯ ಮೇಲೆ ಬಾಗಬೇಕಾ?" ಎಂದರು ಇನ್ನೊಬ್ಬರು. ಹನ್ನೆರಡನೆಯದ್ದು ನನ್ನ ಹೆಂಡತಿ ವನಜಳದ್ದು. ಅವಳು ವಾಪಸು ಕೊಡುವುದು ಯಾರಿಗೆ? ಬೈರಾಸನ್ನು ಬ್ಲೇಡಿನಲ್ಲಿ ಬಿಡಿಸಿ ಬೇರೆ ಇಟ್ಟುಕೊಂಡಳು.

ಗಿರಿಜಕ್ಕನಿಗೆ ಮಾತ್ರ ನೈಟಿ ಕಂಡರೆ ಆಗುವುದಿಲ್ಲ. ಅವಳ ಗಿರಾಕಿಗಳೆಲ್ಲ ನನ್ನ ಗಿರಾಕಿಗಳೇ. ಬೆಳಿಗ್ಗೆ ಒಂಬತ್ತೂವರೆಗೆ ಅವರು ನೈಟಿಯಲ್ಲಿ ಪಾತ್ರೆ ಹಿಡಿದು ಬಂದರೆ ಇವಳು ಬುಟ್ಟಿ ಇಳಿಸುತ್ತ, "ಏನು ಮಾರಾಯ್ತಿ, ನಿಮ್ಮ ಮನೆಯಲ್ಲಿ ಇನ್ನೂ ಬೆಳಗಾಗಲಿಲ್ಲವಾ?" ಎಂದು ಕೇಳುತ್ತಿದ್ದಳು. ಆಮೇಲೆ ಪಡುಬಿದ್ರಿಯ ಮೀನು ಮಾರ್ಕೆಟಿನಲ್ಲಿ ಅವಳಿಗೊಂದು ಜಾಗ ಸಿಕ್ಕಿತು. ಬಾಗಿಲಿನ ಹತ್ತಿರದ ಮೂಲೆ, ಒಳಗೆ ಬರುವವರು ಮೊದಲು ನೋಡುವುದು ಅವಳನ್ನೇ. ಇಪ್ಪತ್ತು ವರ್ಷ ಅದೇ ಜಾಗದಲ್ಲಿ, ಗಟ್ಟಿಯಾಗಿ ಸೊಂಟಕ್ಕೆ ಸುತ್ತಿದ ಸೀರೆಯಲ್ಲಿ ಕುಳಿತವಳು. ಭಾವ ತೀರಿಕೊಂಡ ಮೇಲೂ ಮೂರನೆಯ ವಾರಕ್ಕೆ ಬಂದು ಕುಳಿತಳು. ನನ್ನ ಅಂಗಡಿಗೆ ಬಂದರೆ ನೇತು ಹಾಕಿದ ನೈಟಿಗಳ ನಡುವೆ ತಲೆ ಬಗ್ಗಿಸಿ ನುಗ್ಗಿ, "ಮಾಸ್ಟ್ರು ನಿನಗೆ ಕೋಟು ಕಲಿಸಿದ್ದರು. ನೀನು ಚೀಲ ಹೊಲಿಯುತ್ತಿದ್ದೀ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೆ ಚುಚ್ಚುತ್ತಿತ್ತು. ಊರೆಲ್ಲ ನನ್ನ ಹೊಲಿಗೆ ಹಾಕಿಕೊಂಡಿತ್ತು, ನನಗೆ ಸೂಜಿ ಹಿಡಿಸಿದವಳು ಒಬ್ಬಳನ್ನು ಬಿಟ್ಟು.

ಕಳೆದ ವರ್ಷ ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ಅಕ್ಕ ಮಲ್ಪೆ ಬಂದರಿನಲ್ಲಿ ಐಸು ಕರಗಿದ ನೀರಿಗೆ ಜಾರಿ ಬಿದ್ದಳು. ಬಲಗೈ ಹೆಗಲಿನ ಹತ್ತಿರ ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ ಒಳಗೆ ಪ್ಲೇಟು ಕೂರಿಸಿದರು. ಆರು ವಾರ ಕೈಯನ್ನು ಎದೆಗೆ ಕಟ್ಟಿಯೇ ಇಡಬೇಕು, ಎತ್ತಲೇಬಾರದು ಎಂದರು. ನಾಲ್ಕು ದಿನ ನಾನು ಅವಳ ಜೊತೆ ನಿಂತೆ. ಮಣಿಪಾಲ ವಿಚಿತ್ರ ಊರು ನೋಡಿ. ನಾನು ಚಹಾ ಕುಡಿಯಲು ಕೆಳಗೆ ಇಳಿದರೆ, ನಾವು ಎರಡನೇ ನಿದ್ದೆಗೆ ತಿರುಗಿ ಮಲಗುವ ಹೊತ್ತಿನಲ್ಲಿ ಕಾಲೇಜಿನ ಮಕ್ಕಳು ನೂಡಲ್ಸ್ ತಿನ್ನುತ್ತ ನಾಳೆಯ ಪರೀಕ್ಷೆಯ ಬಗ್ಗೆ ಜಗಳ ಮಾಡುತ್ತಿದ್ದರು. ನನಗೆ ನನ್ನ ಮುಂಬಯಿಯ ಮಾಸ್ತರರ ನೆನಪಾಯಿತು. ಅವರು ತಪ್ಪು ಊರಿನಲ್ಲಿ ಶಾಲೆ ಇಟ್ಟಿದ್ದರು.

ಅಲ್ಲಿಂದ ಅಕ್ಕನನ್ನು ನಮ್ಮ ಮನೆಗೆ, ಕಾಪುವಿಗೆ ಕರೆದುಕೊಂಡು ಬಂದೆವು. ತೊಂದರೆ ಶುರುವಾದದ್ದು ಆಮೇಲೆ. ಅಕ್ಕನಿಗೆ ಸೀರೆಯೇ ಬೇಕು. ಒಂದು ಕೈಯಲ್ಲಿ ಸೀರೆ ಉಡಲು ಆಗುವುದಿಲ್ಲ. ವನಜ ಉಡಿಸುತ್ತಿದ್ದಳು. ದಿನಾ ಬೆಳಿಗ್ಗೆ ಕೋಣೆಯೊಳಗಿಂದ ಗದರಿಕೆ ಕೇಳುತ್ತಿತ್ತು.

"ನೆರಿಗೆ ಅಲ್ಲಿ ಅಲ್ಲ ವನಜ, ಕೆಳಗೆ. ಮದುಮಗಳಿಗೆ ಉಡಿಸುವುದಾ ನೀನು?"

"ಅಕ್ಕ, ನೀವು ಸ್ವಲ್ಪ ಸುಮ್ಮನೆ ನಿಂತರೆ ಆಗುತ್ತದೆ."

"ಅರುವತ್ತಮೂರು ವರ್ಷ ಸುಮ್ಮನೆ ನಿಲ್ಲಲಿಲ್ಲ, ಈಗ ನಿಲ್ಲಬೇಕಾ?"

ಮೂರನೆಯ ದಿನ ಅಕ್ಕ ಜಗಲಿಗೆ ಬಂದು ಕುಳಿತು ನನ್ನ ಹತ್ತಿರ ಹೇಳಿದಳು, "ನನ್ನನ್ನು ಎರ್ಮಾಳಿಗೆ ಬಿಡು. ನನ್ನ ಮನೆಯಲ್ಲಿ ನಾನು ಇರುತ್ತೇನೆ."

"ಅಲ್ಲಿ ಉಡಿಸುವವರು ಯಾರು?"

ಅಕ್ಕ ಸೀರೆಯ ಸೆರಗನ್ನು ಎಡಗೈಯಲ್ಲಿ ಸರಿ ಮಾಡಲು ಹೋದಳು, ಅದು ಜಾರಿತು. ವನಜ ಬಂದು ಸರಿ ಮಾಡಿದಳು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ನಾನು ಅಂಗಡಿಗೆ ಹೋಗಿ ಮೆಷಿನಿನ ಮುಂದೆ ಕುಳಿತೆ. ಸತ್ಯ ಹೇಳಬೇಕು, ಅವಳು ನಮ್ಮಲ್ಲೇ ಇರಲಿ ಎಂದು ನನಗೆ ಆಸೆ. ಆರು ವಾರ ಅಲ್ಲ, ಯಾವಾಗಲೂ. ಒಂದು ಚೂರು ಸೇವೆ ಮಾಡುವ ಅವಕಾಶ ನನಗೂ ಬೇಡವಾ? ಆದರೆ ಇದು ಬಟ್ಟೆಯ ವಿಷಯ. ಒಬ್ಬಳು ಹೆಂಗಸು ತಾನೇ ಹಾಕಿಕೊಳ್ಳಬಹುದಾದ ಒಂದು ಬಟ್ಟೆ ಇಲ್ಲ ಎಂಬ ಕಾರಣಕ್ಕೆ ಗೋಡೆ ನೋಡಿ ಕೂರುವುದೆಂದರೆ, ಪೇಟೆಯಲ್ಲಿ ನನ್ನ ಬೋರ್ಡು ಯಾಕೆ?

ಒಂದು ನೈಟಿ ಹೊಲಿದು, ಮುಂದೆ ಉದ್ದಕ್ಕೆ ಜಿಪ್ಪು ಇಟ್ಟು ತೆಗೆದುಕೊಂಡು ಹೋದೆ. ಅಕ್ಕ ಅದನ್ನು ಕೊಳೆತ ಮೀನು ನೋಡುವ ಹಾಗೆ ನೋಡಿದಳು.

"ಇದು ನೈಟಿ."

"ನೈಟಿ ಎಂದು ಹೇಳಬೇಡ ಅಕ್ಕ. ಗೌನು ಎನ್ನು."

"ಹೆಸರು ಬದಲಿಸಿದರೆ ಬಂಗುಡೆ ಹೋಗಿ ದೊಡ್ಡ ಅಂಜಲ್ ಮೀನಾಗುತ್ತದಾ? ನಾನು ಊರಿನ ಹೆಂಗಸರಿಗೆಲ್ಲ ಹಗಲು ನೈಟಿ ಹಾಕುತ್ತೀರಲ್ಲ ಎಂದು ನಗಾಡಿದವಳು. ಈಗ ನಾನೇ ಹಾಕಿ ಕೂತರೆ ಅವರು ಬಿಡುತ್ತಾರಾ?"

"ಹಾಗಾದರೆ ರಾತ್ರಿಗೆ ಮಾತ್ರ ಹಾಕು."

ಅದಕ್ಕೆ ಒಪ್ಪಿದಳು. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷ ಆಯಿತು. ಒಳಗಿಂದ "ವನಜಾ" ಎಂಬ ಸ್ವರ ಬಂತು. ಜಿಪ್ಪನ್ನು ಮೇಲೆ ಎಳೆಯಲು ಕೆಳಗೆ ಇನ್ನೊಂದು ಕೈ ಹಿಡಿಯಬೇಕು. ಆ ಇನ್ನೊಂದು ಕೈ ಇರಲಿಲ್ಲ. ಹೇಗೂ ಕಾಪುವಿನಿಂದ ಕಾರ್ಕಳದವರೆಗೆ ನೈಟಿಯನ್ನು ಅದರ ಹೆಸರಿಗೆ ಸರಿಯಾಗಿ ರಾತ್ರಿ ಮಾತ್ರ ಹಾಕಿದ ಏಕೈಕ ಹೆಂಗಸು ಎಂಬ ಕೀರ್ತಿ ಅಕ್ಕನಿಗೆ ಬಂತು.

ಎರಡನೆಯದ್ದಕ್ಕೆ ಜಿಪ್ಪಿನ ಬದಲು ಚರ್ರೆಂದು ಅಂಟುವ ಪಟ್ಟಿ ಇಟ್ಟೆ. ಅದು ಕಟ್ಟಿದ ಕೈಯ ಬ್ಯಾಂಡೇಜಿಗೆ ಅಂಟಿತು, ಕೂದಲಿಗೆ ಅಂಟಿತು, ಎಲ್ಲಿ ಅಂಟಬೇಕೋ ಅಲ್ಲಿ ಒಂದನ್ನು ಬಿಟ್ಟು. "ತೆಗೆಯುವಾಗ ನಾಯಿ ಸೀರೆ ಹರಿದ ಹಾಗೆ ಶಬ್ದ" ಎಂದಳು ಅಕ್ಕ. ಮೂರನೆಯದ್ದಕ್ಕೆ ತಲೆಯಿಂದ ಹಾಕುವ ದೊಡ್ಡ ಕುತ್ತಿಗೆ ಇಟ್ಟೆ. ಅದು ತಲೆ, ಕಟ್ಟಿದ ಕೈ ಎಲ್ಲ ಒಟ್ಟಿಗೆ ಸೇರಿಸಿಕೊಂಡು ನಡುವಿನಲ್ಲಿ ಸಿಕ್ಕಿಬಿದ್ದಿತು. ಒಳಗಿನಿಂದ ಅಕ್ಕ ನನ್ನ ಮಾಸ್ಟ್ರನ್ನೂ ಸೇರಿಸಿ ಬೈದದ್ದು ಜಗಲಿಗೆ ಕೇಳಿತು.

ಮರುದಿನ ಅಂಗಡಿಯಲ್ಲಿ ನಾನೊಂದು ಕೆಲಸ ಮಾಡಿದೆ. ಗಿರಾಕಿ ಇಲ್ಲದ ಹೊತ್ತು ನೋಡಿ ನನ್ನ ಬಲಗೈಯನ್ನು ಬೈರಾಸಿನಿಂದ ಎದೆಗೆ ಕಟ್ಟಿಕೊಂಡೆ. ಎಡಗೈಯಲ್ಲಿ, ಕನ್ನಡಿಯ ಮುಂದೆ, ಆ ಮೂರನೆಯ ನೈಟಿಯನ್ನು ನಾನೇ ಹಾಕಲು ಶುರು ಮಾಡಿದೆ. ಎಲ್ಲಿ ಸಿಕ್ಕುತ್ತದೆ ಎಂದು ಮೈಗೇ ಗೊತ್ತಾಗಬೇಕಲ್ಲ. ಸಿಕ್ಕಿತು. ತಲೆ ಒಳಗೆ, ಕೈ ಒಳಗೆ, ಮೊಣಕಾಲಿನವರೆಗೆ ಗುಲಾಬಿ ಹೂವು. ಆಗ ಹೊರಗಿನಿಂದ, "ಸುಧಾಕರಣ್ಣ, ನನ್ನ ಬ್ಲೌಸು ಆಯಿತಾ?" ಎಂದು ಒಂದು ಸ್ವರ.

ಪಂಚಾಯತಿನಲ್ಲಿ ಕೆಲಸ ಮಾಡುವ ಮೇಡಮ್ಮು. ನಾನು ನೈಟಿಯ ಒಳಗಿಂದಲೇ, "ನಾಳೆ ಬನ್ನಿ ಮೇಡಂ" ಎಂದೆ. ಅವರು ಬಾಗಿಲಿನವರೆಗೆ ಬಂದದ್ದು ಚಪ್ಪಲಿಯ ಶಬ್ದದಲ್ಲಿ ಗೊತ್ತಾಯಿತು. ಆಮೇಲೆ ಬಹಳ ಮೆತ್ತಗೆ, "ನಿಮಗೆ ಹುಷಾರಿಲ್ಲವಾ?" ಎಂದು ಕೇಳಿ ಹೋದರು. ಸಂಜೆಯೊಳಗೆ ಕಾಪುವಿನಲ್ಲಿ ನನ್ನ ಬಗ್ಗೆ ಎರಡು ಮೂರು ಕಥೆ ಓಡಾಡಿತು. ಒಂದರಲ್ಲಿ ನನ್ನ ಮೈಮೇಲೆ ದೈವ ಬಂದಿತ್ತಂತೆ.

ಇದನ್ನು ಮನೆಯಲ್ಲಿ ಹೇಳಿದಾಗ ವನಜ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು, "ನೀವು ಮೂವತ್ತು ವರ್ಷ ಹೆಂಗಸರಿಗೆ ಹೊಲಿದಿರಿ, ಹೆಂಗಸರು ಹಾಕುವುದನ್ನು ನೋಡಲಿಲ್ಲ. ಅಕ್ಕ ಲಂಗ ತಾವೇ ಹಾಕುತ್ತಾರೆ, ಗೊತ್ತುಂಟಾ? ಮಂಚದಲ್ಲಿ ಕುಳಿತು ಕಾಲಿನಿಂದ ಹಾಕುತ್ತಾರೆ. ಎದ್ದು ನಿಂತು ಎಡಗೈಯಲ್ಲಿ ಮೇಲೆ ಎಳೆದು, ಲಾಡಿಯ ಒಂದು ತುದಿ ಹಲ್ಲಿನಲ್ಲಿ ಹಿಡಿದು ಕಟ್ಟುತ್ತಾರೆ. ತಲೆಯಿಂದಲೇ ಹಾಕಬೇಕು ಎಂಬುದು ನಿಮ್ಮ ಅಂಗಿಯ ಬುದ್ಧಿ."

ನಾನು ಊಟ ಬಿಟ್ಟು ಎದ್ದೆ. "ಎಲ್ಲಿಗೆ?" ಎಂದಳು. "ನೈಟ್ ಉಂಟು" ಎಂದೆ. ಎಷ್ಟೋ ವರ್ಷದ ಮೇಲೆ ಆ ಮಾತು ನನ್ನ ಬಾಯಿಯಿಂದ ಬಂತು.

ಆ ನೀಲಿ ಹೂವಿನ ಬಟ್ಟೆ ಕತ್ತರಿಸಿದ್ದು ಆಗ. ಕುತ್ತಿಗೆ ಅಗಲ, ಅದಕ್ಕೆ ಮೆತ್ತಗಿನ ಇಲಾಸ್ಟಿಕ್. ಕಾಲಿನಿಂದ ಮೇಲೆ ಎಳೆದರೆ ಎದೆಯ ಮೇಲೆ ತಾನಾಗಿ ಹಿಡಿದು ನಿಲ್ಲಬೇಕು. ಎಡಗೈಗೆ ಸಡಿಲ ತೋಳು. ಬಲಕ್ಕೆ ತೋಳೇ ಇಲ್ಲ. ಬೆನ್ನಿನಿಂದ ಒಂದು ಅಗಲದ ತುಂಡು ಹೆಗಲ ಮೇಲೆ ಬಂದು ಕಟ್ಟಿದ ಕೈಯನ್ನು ಪೂರಾ ಮುಚ್ಚಿ, ಎಡ ಎದೆಯ ಕೆಳಗೆ ಒಂದೇ ಒಂದು ಗುಂಡಿಗೆ ಸಿಕ್ಕಬೇಕು. ಗುಂಡಿ ಹೆಬ್ಬೆರಳಿನಷ್ಟು ದೊಡ್ಡದು, ಹಳೆಯ ಕೋಟಿನದ್ದು. ಕಾಜಾ ಮೆಷಿನಿನಲ್ಲಿ ಮಾಡಲಿಲ್ಲ, ಕೈಯಲ್ಲಿಯೇ ಮಾಡಿದೆ. ಎಡಗೈಯ ಬೆರಳು ತಡಕಾಡದೆ ಹುಡುಕಿಕೊಳ್ಳುವ ಹಾಗೆ ಅಂಚು ದಪ್ಪ ಕಟ್ಟಿದೆ. ಮುಗಿಯುವಾಗ ಹಾಲಿನ ವ್ಯಾನು ಬಂದಿತ್ತು.

ಬೆಳಿಗ್ಗೆ ಅಕ್ಕನ ಮಂಚದ ಮೇಲೆ ಇಟ್ಟೆ. ಅವಳು ಮುಟ್ಟಲಿಲ್ಲ. "ರಾತ್ರಿಗೆ ನೋಡುವ" ಎಂದಳು. ನನಗೆ ಸಿಟ್ಟು ಬಂತು. ಕಣ್ಣು ಉರಿಯುತ್ತಿತ್ತು. "ಬೇಡವಾದರೆ ಬಿಡು, ನೆಲ ಒರೆಸಲು ಆದೀತು" ಎಂದು ಅಂಗಳಕ್ಕೆ ಬಂದು ಹಲ್ಲುಜ್ಜತೊಡಗಿದೆ.

ಅಷ್ಟರಲ್ಲಿ ಅಕ್ಕನ ಮೊಬೈಲಿಗೆ ಫೋನು ಬಂತು. ಮಾರ್ಕೆಟಿನಲ್ಲಿ ಅವಳ ಪಕ್ಕ ಕೂರುವ ಪದ್ಮಕ್ಕ. ಆ ಹೆಂಗಸಿನ ಸ್ವರ ಫೋನಿಲ್ಲದೆಯೂ ಪಡುಬಿದ್ರಿಯಿಂದ ಕಾಪುವಿಗೆ ಕೇಳೀತು.

"ಗಿರಿಜಕ್ಕ, ನಿಮ್ಮ ಮೂಲೆಯಲ್ಲಿ ಹೆಜಮಾಡಿಯ ಆ ಹೊಸ ಹುಡುಗಿ ಬಂದು ಕೂತಿದ್ದಾಳೆ. ಮೂರು ದಿನ ಆಯಿತು. ಅಕ್ಕ ಇನ್ನು ಬರುವುದಿಲ್ಲವಂತೆ ಎಂದು ಹೇಳಿಕೊಂಡು ಕೂತಿದ್ದಾಳೆ."

"ಬರುವುದಿಲ್ಲ ಎಂದು ಹೇಳಿದ್ದು ಯಾರು?"

"ಕೈ ಇಲ್ಲದೆ ಹೇಗೆ ಬರುತ್ತಾರೆ ಎಂದು ಎಲ್ಲರೂ."

"ಮೀನು ಮಾರುವುದು ಬಾಯಿಯಿಂದ. ಕೈಯಿಂದ ಅಲ್ಲ" ಎಂದು ಅಕ್ಕ ಫೋನು ಇಟ್ಟಳು.

ಕೋಣೆಯ ಬಾಗಿಲು ಹಾಕಿದ ಶಬ್ದ ಕೇಳಿತು. ವನಜ ಅಡುಗೆಮನೆಯಿಂದ ಬಂದು ಬಾಗಿಲಿನ ಹತ್ತಿರ ನಿಂತಳು, ಕರೆದರೆ ಹೋಗಲು. ನಾನು ಬ್ರಶ್ಶು ಬಾಯಿಯಲ್ಲಿಟ್ಟುಕೊಂಡು ನಿಂತೆ. ಮಂಚ ಕಿರುಗುಟ್ಟಿತು. ಏನೋ ಬಿದ್ದಿತು. ಅಕ್ಕ ಕರೆಯಲಿಲ್ಲ. ಬಾಗಿಲು ತೆರೆಯಿತು.

ನೀಲಿ ಹೂವು, ಎಡ ಎದೆಯ ಕೆಳಗೆ ಗುಂಡಿ ಸರಿಯಾಗಿ ಕೂತಿತ್ತು. ಬಲಗೈ ಒಳಗೆ ಎಲ್ಲಿ ಉಂಟು ಎಂದೇ ಗೊತ್ತಾಗುತ್ತಿರಲಿಲ್ಲ. ಅಕ್ಕ ಒಮ್ಮೆ ಕೆಳಗೆ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು.

"ಉದ್ದ ಅರ್ಧ ಇಂಚು ಹೆಚ್ಚಾಯಿತು" ಎಂದಳು. "ನನ್ನ ಚೀಲ ಎಲ್ಲಿ?"

"ಇವತ್ತೇ ಯಾಕೆ ಅಕ್ಕ? ಇನ್ನೂ ಎರಡು ದಿನ..." ಎಂದೆ. ಬಾಯಿಯಲ್ಲಿ ಪೇಸ್ಟು ತುಂಬಿತ್ತು.

"ಉಡಿಸುವವರು ಯಾರು ಎಂದು ಕೇಳಿದ್ದು ನೀನು. ಈಗ ಕೇಳು ನೋಡುವ."

ನಾನು ಬಾಯಿ ತೊಳೆದುಕೊಂಡೆ. ಜೀವಮಾನದಲ್ಲಿ ಹೊಲಿದ ಅತ್ಯಂತ ಒಳ್ಳೆಯ ಬಟ್ಟೆ ಅಕ್ಕನನ್ನು ನನ್ನ ಮನೆಯಿಂದ ಎಬ್ಬಿಸಿಕೊಂಡು ಹೋಗುತ್ತಿತ್ತು. ವನಜ ಎರಡು ಡಬ್ಬಿಯಲ್ಲಿ ಪಲ್ಯ, ಗಂಜಿಗೆ ಉಪ್ಪಿನಕಾಯಿ ಕಟ್ಟಿಕೊಟ್ಟಳು. ರಿಕ್ಷಾ ತರುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. ಕಾಪು ಬಸ್‌ಸ್ಟ್ಯಾಂಡಿನಲ್ಲಿ, ಹಾಡಹಗಲು, ನೈಟಿಯಲ್ಲಿ ನಿಂತು ಬಸ್ಸಿಗೆ ಎಡಗೈ ಅಡ್ಡ ಹಿಡಿದಳು. ಕಂಡಕ್ಟರ್ ಗುರುತಿನವನು. "ಏನು ಗಿರಿಜಕ್ಕ, ನೀವೂ ಫ್ಯಾಶನ್ ಶುರು ಮಾಡಿದಿರಾ?" ಎಂದ. "ನೀನು ಟಿಕೇಟು ಹರಿ ಮಾರಾಯ" ಎಂದು ಹತ್ತಿದಳು. ಬಸ್ಸು ಹೋಯಿತು. ಅವಳು ತಿರುಗಿ ನೋಡಲಿಲ್ಲ, ಅದು ಅವಳ ಅಭ್ಯಾಸ ಅಲ್ಲ.

ಎರಡು ದಿನ ನನಗೆ ಕೆಲಸ ಹಿಡಿಸಲಿಲ್ಲ. ಗುಂಡಿ ಕಿತ್ತು ಬಂದರೆ? ಇಲಾಸ್ಟಿಕ್ ಜಾರಿದರೆ? ಅವಳು ಫೋನು ಮಾಡುವ ಪೈಕಿಯಲ್ಲ. ಮೂರನೆಯ ದಿನ ಬಟ್ಟೆ ತರುವ ನೆಪ ಹೇಳಿ ಪಡುಬಿದ್ರಿಯಲ್ಲಿ ಇಳಿದೆ. ಮಾರ್ಕೆಟಿನ ಬಾಗಿಲಿನಲ್ಲೇ ಅವಳ ಸ್ವರ ಕೇಳಿತು. ಮೂಲೆಯಲ್ಲಿ ಅಕ್ಕ. ಅವಳ ಎಡಕ್ಕೆ ಸ್ವಲ್ಪ ಸರಿದು ಹೆಜಮಾಡಿಯ ಆ ಹುಡುಗಿ, ಅಕ್ಕನ ಮೀನನ್ನು ಕತ್ತಿಯಲ್ಲಿ ಕತ್ತರಿಸಿ ಕೊಡುತ್ತಿದ್ದಳು. ಜಾಗ ಬಿಡಿಸಿದ್ದಲ್ಲದೆ ಕೆಲಸವನ್ನೂ ಕೊಟ್ಟಿದ್ದಳು ನಮ್ಮ ಅಕ್ಕ. ಮುಂದೆ ಒಬ್ಬರು ಗಿರಾಕಿ ಹೆಂಗಸು, ನೈಟಿಯಲ್ಲಿ. ಇಬ್ಬರೂ ನನ್ನ ಹೊಲಿಗೆಯಲ್ಲಿ ನಿಂತು ಕೂತು ಒಬ್ಬರನ್ನೊಬ್ಬರು ಬಿಡದೆ ರೇಟಿನ ಚರ್ಚೆ ಮಾಡುತ್ತಿದ್ದರು.

"ಏನು ಗಿರಿಜಕ್ಕ, ನಿಮಗೂ ಬೆಳಗಾಗಲಿಲ್ಲವಾ?" ಎಂದರು ಆ ಹೆಂಗಸು. ಇಪ್ಪತ್ತು ವರ್ಷ ಕಾದು ಇಟ್ಟುಕೊಂಡಿದ್ದ ಮಾತು ಇರಬೇಕು.

"ನನಗೆ ಬೆಳಗಾಗಿ ಅರ್ಧ ಬುಟ್ಟಿ ಖಾಲಿಯಾಯಿತು. ನಿಮಗೆ ಬೇಕಾ, ಬೇಡವಾ?"

ಆಗ ಅವಳು ನನ್ನನ್ನು ಕಂಡಳು. ನಾನು ಗುಂಡಿಯನ್ನೇ ನೋಡುತ್ತಿದ್ದೆ. ಗಟ್ಟಿ ಇತ್ತು.

"ಬಂದೆಯಾ? ಒಳ್ಳೆಯದಾಯಿತು" ಎಂದಳು. "ಇನ್ನೊಂದು ಬೇಕು. ಇದನ್ನು ಒಗೆದರೆ ಹಾಕಲು ಬೇರೆ ಇಲ್ಲ. ಬಣ್ಣ ಗಾಢ ಇರಲಿ, ಮೀನಿನ ರಕ್ತ ಕಾಣಬಾರದು. ಎಡಬದಿಗೆ ಒಂದು ಜೇಬು ಇಡು, ಆಳ ಬೇಕು."

"ಉದ್ದ ಅರ್ಧ ಇಂಚು ಕಡಿಮೆ ಮಾಡಲಾ?"

"ಬೇಡ. ಇಷ್ಟೇ ಇರಲಿ."

ಪಕ್ಕದ ಪದ್ಮಕ್ಕ ಕತ್ತು ಉದ್ದ ಮಾಡಿ, ಎಲ್ಲಿ ಹೊಲಿಸಿದ್ದು ಎಂದು ಕೇಳುತ್ತಿದ್ದರು. ಅಕ್ಕನಿಗೆ ಉತ್ತರ ಹೇಳಲು ಪುರುಸೊತ್ತು ಇರಲಿಲ್ಲ. ಬಾಗಿಲಿನಲ್ಲಿ ಇನ್ನೊಬ್ಬರು ಕಾಣಿಸಿದ್ದರು. ಅವಳು ಒಂದು ದೊಡ್ಡ ಬಂಗುಡೆಯನ್ನು ಬಾಲದಲ್ಲಿ ಹಿಡಿದು, ಹುಟ್ಟಿನಿಂದಲೇ ಎಡಚಿಯೋ ಎಂಬ ಹಾಗೆ, ಎಡಗೈಯಲ್ಲಿ ಮೇಲೆ ಎತ್ತಿ ತೋರಿಸಿದಳು.